ತಟ್ಟಿ ನೋಡದ ಮಡಕೆ

"ನೀವೇ ಗೆದ್ರಿ, ಬುಡಿ ಮೇಷ್ಟ್ರೇ."

ಆತನ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ತುಮಕೂರಿನ ಹೈಸ್ಕೂಲಿನಲ್ಲೂ ಆಮೇಲೆ ಬೆಂಗಳೂರಿನ ಕಾಲೇಜಿನಲ್ಲೂ ಚರ್ಚಾಕೂಟದ ವೇದಿಕೆ ಹತ್ತಿ ಇಳಿದವನು ನಾನು. ಎದುರಾಳಿ ಸೋಲುವುದು ಹೇಗಿರುತ್ತದೆಂದು ಬಲ್ಲೆ: ಮುಖ ಕೆಂಪಾಗುತ್ತದೆ, ಮಾತು ತೊದಲುತ್ತದೆ, ಕೊನೆಗೆ 'ಅದಿರಲಿ, ಆದರೆ' ಎಂದು ಬೇರೆ ದಾರಿ ಹಿಡಿಯುತ್ತಾನೆ. ಮಧುಗಿರಿಯ ಕುಂಬಾರ ಬೀದಿಯ ಈ ಮುದುಕ ಮಾತ್ರ, ನಾನು ಮೊದಲನೆಯ ಅಂಶ ಮಂಡಿಸಿ ಎರಡನೆಯದಕ್ಕೆ ಬೆರಳು ಮಡಿಸುವಷ್ಟರಲ್ಲೇ ಸೋತುಬಿಡುತ್ತಿದ್ದ. ಸೋತು, ಮಣ್ಣು ತುಳಿಯುವುದಕ್ಕೆ ತಿರುಗಿಕೊಳ್ಳುತ್ತಿದ್ದ. ಹೀಗೆ ಗೆದ್ದು ಗೆದ್ದು ನನಗೇ ಸುಸ್ತಾಗಿತ್ತು.

ಆತ ಹೋಗಿ ಈಗ ಒಂದು ಮಳೆಗಾಲ ಕಳೆದಿದೆ. ಸತ್ತವರ ಬಗ್ಗೆ ಬರೆಯುವಾಗ ಇಲ್ಲದ ಗುಣ ಹಚ್ಚುವುದು ವಾಡಿಕೆ. ನಾನು ಹಚ್ಚುವುದಿಲ್ಲ. ಆತ ಜ್ಞಾನಿಯಲ್ಲ, ಸಂತನೂ ಅಲ್ಲ. ದಣಿದ ಮನುಷ್ಯ, ಅಷ್ಟೇ.

ಬೆಂಗಳೂರಿನಿಂದ ಹಿಂದಿರುಗಿ ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾದ ಮೇಲೆ ನನಗೆ ವಾದಕ್ಕೆ ಜನ ಸಿಗಲಿಲ್ಲ. ಅಪ್ಪ ಅಂಗಡಿಯ ಗಲ್ಲಾದ ಹಿಂದಿನಿಂದ "ಮುಚ್ಚೋ ಬಾಯಿ" ಅನ್ನುತ್ತಿದ್ದರು. ಅದು ಆಜ್ಞೆಯಾಯಿತೇ ಹೊರತು ಉತ್ತರವಾಗಲಿಲ್ಲ. ಹೆಡ್ಮಾಸ್ತರರು ದೇವರ ವಿಷಯ ಬಂದರೆ ಕೊಡೆ ಬಿಚ್ಚಿಕೊಂಡು ಹೊರಟುಬಿಡುತ್ತಿದ್ದರು. ಶಾಲೆಯಿಂದ ಮನೆಗೆ ಬರುವ ದಾರಿ ಕುಂಬಾರ ಬೀದಿಯ ಮೇಲೇ ಹಾಯುತ್ತಿತ್ತು. ಆತನ ಮನೆಯ ಮುಂದೆ ಹೊಂಗೆ ಮರ, ಅದರ ಬುಡದಲ್ಲಿ ಒಂದು ಕಲ್ಲು ಚಪ್ಪಡಿ. ಸಂಜೆ ಅಲ್ಲಿ ಕೂರುವುದು ಅಭ್ಯಾಸವಾಯಿತು.

"ದೇವರಿದ್ದಾನೆ ಅನ್ನೋದಕ್ಕೆ ನಿನ್ನ ಹತ್ರ ಏನು ಸಾಕ್ಷಿ ಇದೆ, ಯಜಮಾನ?" ಎಂದು ಒಂದು ದಿನ ಕೇಳಿದೆ.

"ಇಲ್ಲ ಅಂತೀರಾ?"

"ಇಲ್ಲ ಅಂತೀನಿ."

"ಅಂಗಾರೆ ಇಲ್ಲ, ಬುಡಿ. ಒಸಿ ಆ ಕಡೀಕೆ ಸರ್ಕೊಳಿ, ನಿಮ್ ನೆರಳು ಹಸಿ ಮಡಕೆ ಮ್ಯಾಲೆ ಬೀಳ್ತಾ ಐತೆ."

ಮುಂದಿನ ವಾರ ಆತ ಸಿದ್ದರಬೆಟ್ಟ ಹತ್ತಿ ಬಂದು ನನ್ನ ಕೈಗೂ ಒಂದು ಚೂರು ತೆಂಗಿನಕಾಯಿ ಇಟ್ಟ. "ದೇವರಿಲ್ಲ ಅಂತ ಒಪ್ಪಿಕೊಂಡಿದ್ದೆಯಲ್ಲ" ಅಂದೆ. "ಒಪ್ಪಿದ್ದೆ ಕಣ್ ಬುಡಿ. ಕಾಯಿ ಸೀಯಾಗೈತೆ, ತಿನ್ನಿ." ಇಂಥವನ ಮೇಲೆ ತರ್ಕಶಾಸ್ತ್ರ ಏನು ಮಾಡೀತು?

ಎತ್ತರದ ಆಳು. ಮಡಕೆ ತಿರುಗಿಸುವ ತಿಗರಿಯ ಮುಂದೆ ಬಗ್ಗಿ ಬಗ್ಗಿ ಬೆನ್ನು ಹಾಗೇ ನಿಂತುಬಿಟ್ಟಿತ್ತು. ಮೊಣಕೈವರೆಗೂ ಮಣ್ಣು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಕೈ ಮಡಿಸಿದರೆ ಉದುರುತ್ತಿತ್ತು. ತಿಗರಿಗೆ ಕೂರುವ ಮೊದಲು ಬೀದಿಯ ಆ ತುದಿಗೊಮ್ಮೆ ಈ ತುದಿಗೊಮ್ಮೆ ನೋಡುವುದು ಆತನ ರೂಢಿ, ಯಾರಾದರೂ ಬಂದು 'ಇವತ್ತು ಬೇಡ, ಏಳು' ಎಂದಾರೇನೋ ಎಂಬಂತೆ. ಯಾರೂ ಬರುತ್ತಿರಲಿಲ್ಲ. "ಉಸ್ಸಪ್ಪಾ" ಎಂದು ಕೂರುತ್ತಿದ್ದ.

ಆತನ ಹೆಂಡತಿ ಇದಕ್ಕೆ ತದ್ವಿರುದ್ಧ. ಸಂತೆಯಲ್ಲಿ ಮಡಕೆ ಮಾರುವವಳು ಆಕೆಯೇ. ಗಿರಾಕಿ ಕೇಳುವ ಮೊದಲೇ ಮಡಕೆಯನ್ನು ಅಂಗೈ ಮೇಲೆ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಸಿ, "ಕೇಳ್ದಾ? ಕಿವಿ ಐತಾ?" ಎಂದು ಗದರಿಸಿ ಕೊಡುವಳು. ಒಮ್ಮೆ ಒಬ್ಬಾತ ಹೊಗೆ ಹಿಡಿದ ಮಡಕೆ ತಂದು, ಸಾರೆಲ್ಲ ಮಣ್ಣು ವಾಸನೆ ಹೊಡೆಯುತ್ತದೆಂದು ಅಂಗಳದಲ್ಲಿ ಕೂಗಾಡಿದ. ಮುದುಕ ಎದ್ದು ಬೇರೆ ಮಡಕೆ ಕೊಟ್ಟು ಕಳಿಸಿದ.

"ಅದು ನಮ್ದಲ್ವಲ್ಲೋ!" ಎಂದಳು ಆಕೆ. "ಬಾಯಿ ನೋಡು, ಕೊರಟಗೆರೆಯೋರ ಕೈಯಿ."

"ಗೊತ್ತೈತೆ. ಯಾರು ಕೂಗಾಡ್ತಾರೆ?"

ಆಕೆ ಮತ್ತೆ ಶುರುಮಾಡಿದಳು. "ಪೋನೀವೇ" ಎಂದ. ಮನೆಯೊಳಗೆ ಅವರದು ತೆಲುಗು. ನನಗೆ 'ಬುಡಿ' ಅನ್ನುವುದನ್ನೇ ಹೆಂಡತಿಗೆ 'ಪೋನೀವೇ' ಅನ್ನುತ್ತಿದ್ದ. ಆಯಾಸ ಎರಡರಲ್ಲೂ ಒಂದೇ.

ಆ ಮನೆಯ ಒಲೆಯ ಮೇಲೆ ನಾನು ನೆಟ್ಟಗಿನ ಮಡಕೆ ಕಂಡವನೇ ಅಲ್ಲ. ಆವಿಗೆಯಲ್ಲಿ ಸುಡುವಾಗ ಸೀಳಿದ್ದು, ಬಾಯಿ ಸೊಟ್ಟಗಾದದ್ದು, ಮಾರಲು ಬಾರದ್ದೆಲ್ಲ ಅಲ್ಲಿಗೆ. ಆಕೆ ಒಲೆ ಹಚ್ಚುವ ಮೊದಲು ಬಟ್ಟಲಲ್ಲಿ ಚೂರು ರಾಗಿ ಹಿಟ್ಟು ಕಲಸಿಕೊಂಡು, ಸೀಳಿಗೆ ಮೆತ್ತಿ, ಅದು ಆರಿದ ಮೇಲೆ ಎಸರಿಡುವಳು. "ಊರೋರ್ಗೆಲ್ಲ ಗಟ್ಟಿ ಮಡಕೆ, ನಂಗೆ ಸೋರೋದು. ನೋಡಿ ಮೇಷ್ಟ್ರೇ, ಇವ್ನ ನ್ಯಾಯ." ಈ ಒಂದು ವಿಷಯದಲ್ಲಿ ನಾನೂ ಆಕೆಯ ಪಕ್ಷ ವಹಿಸಿ ಆತನನ್ನು ಕೇಳಿದ್ದೇನೆ. ಆತ ಸೋತಿದ್ದಾನೆ. ಮಡಕೆ ಬದಲಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಮಡಕೆ ಕೊಳ್ಳುವವರು ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಠಣ್ ಎಂದರೆ ಗಟ್ಟಿ, ಡೊಬ್ ಎಂದರೆ ಎಲ್ಲೋ ಸೀಳಿದೆ. ಇದಕ್ಕೆ ನನ್ನ ಆಕ್ಷೇಪಣೆಯಿಲ್ಲ, ಇದು ಪರೀಕ್ಷೆ. ಆದರೆ ಸಾವಿನ ಮನೆಯಿಂದ ಗಡಿಗೆಗೆ ಬಂದವರು ತಟ್ಟುವಂತಿಲ್ಲ. ಮಗನಾದವನು ನೀರು ತುಂಬಿ ಹೆಗಲ ಮೇಲೆ ಹೊತ್ತು, ಸುತ್ತು ಬಂದು ಒಡೆಯುವ ಗಡಿಗೆ ಅದು. ಬಂದವರು ಮಾತಾಡುವುದಿಲ್ಲ, ಕುಂಬಾರನೂ ಕೈಯೆತ್ತಿ ಕೊಡುವುದಿಲ್ಲ. ಅಂಗಳದ ರಾಶಿಯಿಂದ ತಾವೇ ಒಂದನ್ನು ಎತ್ತಿಕೊಂಡು, ತಟ್ಟದೆ ಹೊರಟುಹೋಗುತ್ತಾರೆ. ಅಷ್ಟರಿಂದಲೇ ಆತ ತಿಳಿದುಕೊಳ್ಳಬೇಕು. ಯಾರು ಹೋದರೆಂದು ಕೇಳುವಂತಿಲ್ಲ. ತಿಗರಿ ನಿಲ್ಲಿಸಿ ಕೈ ತೊಳೆಯಬೇಕು, ಆ ದಿನ ಮತ್ತೆ ಮಣ್ಣು ಮುಟ್ಟುವಂತಿಲ್ಲ.

ಒಂದೇ ರಾಶಿ, ಒಂದೇ ಮಣ್ಣು, ಒಂದೇ ಕೈ. ಗೆಣ್ಣು ತಾಗಿದರೆ ಒಲೆಗೆ, ತಾಗದಿದ್ದರೆ ಮಸಣಕ್ಕೆ. ಇದಕ್ಕೇನು ಆಧಾರ ಎಂದು ಕೇಳಿದೆ. "ಆಧಾರ ಇಲ್ಲ, ಬುಡಿ" ಎಂದ.

ಆ ಹೊತ್ತಿಗೆ ಶಿರಾದಿಂದ ಒಬ್ಬ ಸಾಹೇಬರು ಸಂತೆ ಸಂತೆಗೂ ಅಲ್ಯೂಮಿನಿಯಂ ಪಾತ್ರೆಗಳನ್ನು ಗಾಡಿಯ ಮೇಲೆ ಹೇರಿಕೊಂಡು ಬರತೊಡಗಿದ್ದರು. ನೆಲಕ್ಕೆ ಬಿದ್ದರೆ ಒಡೆಯದ, ಸೂತಕ ಬಂದರೆ ತೊಳೆದು ಮತ್ತೆ ಒಲೆಗಿಡಬಹುದಾದ ಪಾತ್ರೆ. ಹೆಂಗಸರು ಮುತ್ತಿಕೊಂಡರು. ನನ್ನ ಮತವೂ ಪಾತ್ರೆಯ ಕಡೆಗೇ ಇತ್ತು. ಸಾಹೇಬರು ಬಿಸಿಲಿಗೆಂದು ಮುದುಕಿಯ ತಡಿಕೆಯ ನೆರಳಲ್ಲೇ ಅಂಗಡಿ ಹೂಡುತ್ತಿದ್ದರು. ಆಕೆ ಬೈಯುತ್ತಲೇ ಜಾಗ ಬಿಡುತ್ತಿದ್ದಳು. ಒಂದು ಸಂಜೆ ಅವರು ಕುಂಬಾರ ಬೀದಿಗೆ ಬಂದು, ರಾಶಿಯಲ್ಲಿ ಒಂದು ದಪ್ಪ ತಳದ ಮಡಕೆ ಆರಿಸಿ, ಕಿವಿ ಹತ್ತಿರ ಹಿಡಿದು ತಟ್ಟಿದರು.

"ಯಾರಿಗೆ ಸಾಬ್ರೇ?"

"ನಮ್ ಬೀಬಿಗೆ. ಗೋಷ್ತ್ ಸಾರು ಮಣ್ಣಿನ ಹಂಡೀಲೇ ಆಗ್ಬೇಕಂತೆ. ಅಲ್ಯೂಮಿನಿ ಮನೇಗೆ ತಂದ್ರೆ ನನ್ನೂ ಸೇರ್ಸಿ ಈಚೆ ಹಾಕ್ತಾಳಂತೆ. ಸಂತೇಲಿ ಮಾತ್ರ ಇದನ್ನ ಹೇಳ್ಬೇಡಿ ಯಜಮಾನ್, ನನ್ ವ್ಯಾಪಾರ ಖತಂ."

ಮುದುಕ ನಕ್ಕದ್ದನ್ನು ನಾನು ನೋಡಿದ್ದು ಆಗ. ಹಲ್ಲಿಲ್ಲದ ಬಾಯಿ, ಸದ್ದಿಲ್ಲದ ನಗು, ಬಹಳ ಹೊತ್ತು.

ಅಷ್ಟು ಬಿಟ್ಟರೆ ತಟ್ಟುವವರು ಕಡಿಮೆಯಾಗುತ್ತ ಹೋದರು. ತಟ್ಟದೆ ಒಯ್ಯುವವರು ಕಡಿಮೆಯಾಗಲಿಲ್ಲ. ಸಾವಿಗೆ ಅಲ್ಯೂಮಿನಿಯಂ ನಡೆಯುವುದಿಲ್ಲವಲ್ಲ. ಬೀದಿಯ ಉಳಿದ ಮನೆಗಳೆಲ್ಲ ಹೆಂಚು, ಇಟ್ಟಿಗೆಗೆ ತಿರುಗಿಕೊಂಡವು. ಆತನ ಮಗನೂ ಇಟ್ಟಿಗೆ ಗೂಡಿಗೆ ಹೋಗುತ್ತಿದ್ದ. ಅಪ್ಪ ಹಸಿ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲಗೆಯಿಂದ ಬಡಿದು ಬಡಿದು ಗುಂಡಗೆ ಮಾಡುವುದನ್ನು ನೋಡಿ ಒಮ್ಮೆ ರೇಗಿದ: "ಒಡೆಯಾಕೆ ತಗೊಂಡೋಗೋದಕ್ಕೆ ಯಾಕಪ್ಪ ಇಷ್ಟ್ ಬಡೀತೀಯಾ? ನಾಕು ಏಟು ಹಾಕಿ ಬುಡು."

ಹುಡುಗನ ವಾದ ಸರಿಯಾಗಿತ್ತು, ನಾನು ಅನುಮೋದಿಸಿದೆ. ಮುದುಕ ಹಲಗೆ ನಿಲ್ಲಿಸಿದ. "ಯಾವ್ದು ಒಲೆಗೆ ಹೋಗ್ತದೆ, ಯಾವ್ದು ಗುಂಡಿಗೆ ಹೋಗ್ತದೆ ಅಂತ ನಂಗೇನ್ಲಾ ಗೊತ್ತು?" ಎಂದ. ಆಮೇಲೆ ನನ್ನ ಕಡೆ ತಿರುಗಿ, ಯಾರೂ ಕೇಳದೆಯೇ ಹೇಳಿದ: "ನನ್ ಮಡಕೇಲಿ ಯಾರಾನಾ ಬೇಯಿಸ್ಕೊಂಡು ಉಣ್ಣಬೇಕು ಮೇಷ್ಟ್ರೇ. ಬರೀ ಹೆಣದ ಹಿಂದೆ ಹೋಗಾಕೆ ಇಷ್ಟೊಂದು ಬೆನ್ನು ನೋಯಿಸ್ಕೊಳ್ಳೋದು ಯಾಕೆ? ತಟ್ಟೋರು ಇರೋಗಂಟ ತಿಗರಿ. ಆಮ್ಯಾಕೆ ಗೋಡೆಗೆ ಒರಗಿಸ್ಬುಡ್ತೀನಿ."

ತಟ್ಟುವ ಕೈಗಳಲ್ಲಿ ಉಳಿದಿದ್ದವು ಸಾಹೇಬರದು, ನನ್ನ ತಾಯಿಯದು, ಇನ್ನೊಂದೆರಡು ಮನೆಯವರದು.

ಅಮ್ಮ ಜ್ವರ ಹಿಡಿದು ಮಲಗಿ ಆಗ ತಾನೇ ಎದ್ದಿದ್ದರು. ಎಸರಿನ ಮಡಕೆ ಕೈಜಾರಿ ಒಡೆಯಿತು. ಬೆಳಿಗ್ಗೆ ಶಾಲೆಗೆ ಮುಂಚೆ ಹೊಸದೊಂದು ತಾ ಎಂದರು. ಹೋದೆ. ಮುದುಕ ತಿಗರಿಯ ಮುಂದಿದ್ದ. ತಟ್ಟುವುದಕ್ಕೂ ಸಾವಿಗೂ ಸಂಬಂಧವಿಲ್ಲವೆಂದು ಎಷ್ಟೋ ಸಲ ವಾದಿಸಿದ್ದೆ. ಆವತ್ತು ವಾದಕ್ಕಿಂತ ಪ್ರಯೋಗ ಮೇಲೆಂದು ತೋರಿತು. ರಾಶಿಯಿಂದ ಒಳ್ಳೆಯದೊಂದನ್ನು ಎತ್ತಿಕೊಂಡೆ. ತಟ್ಟಲಿಲ್ಲ. ಮಾತಾಡಿದರೆ ಚರ್ಚೆ ಶುರುವಾಗುತ್ತದೆ, ಆತ ಸೋಲುತ್ತಾನೆ, ನನಗೆ ತಡವಾಗುತ್ತದೆ ಎಂದು ಆತನ ಕಡೆ ಒಮ್ಮೆ ತಲೆಯಾಡಿಸಿ ಹೊರಟೆ. ಬೆನ್ನ ಹಿಂದೆ ತಿಗರಿಯ ಸದ್ದು ನಿಂತದ್ದು ಕೇಳಿಸಿತು, ತಿರುಗಿ ನೋಡಲಿಲ್ಲ.

ಮಡಕೆಯನ್ನು ಹಿತ್ತಲಲ್ಲಿ ಇಟ್ಟು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಬೀದಿ ಬಾಗಿಲಲ್ಲಿ ಬೊಬ್ಬೆ ಎದ್ದಿತು. ಮುದುಕಿ ಎದೆ ಬಡಿದುಕೊಂಡು ನಿಂತಿದ್ದಾಳೆ. "ಅಯ್ಯೋ ನಮ್ಮವ್ವಾ! ಹೋಗ್ಬುಟ್ಯಾ ನನ್ನವ್ವಾ! ಯಾರ್ಗೂ ಒಂದ್ ಮಾತು ಏಳ್ದೆ ಹೋಗ್ಬುಟ್ಯಾ!" ಅಕ್ಕಪಕ್ಕದವರು ಹೊರಗೆ ಬಂದರು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಬಂದರು.

"ಯಾರೇ ಹೋಗಿದ್ದು? ಯಾಕಿಂಗೆ ಅಳ್ತಿದೀಯ?"

ಮುದುಕಿಯ ಅಳು ಅರ್ಧಕ್ಕೆ ನಿಂತಿತು. ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೇ ಕಣವ್ವ" ಎಂದಳು.

ಸುದ್ದಿ ಅಷ್ಟರಲ್ಲೇ ಅಂಗಡಿಬೀದಿ ಮುಟ್ಟಿತ್ತು. ಅಪ್ಪ ಬರಿಗಾಲಲ್ಲಿ ಓಡಿ ಬಂದರು. ಅಮ್ಮನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಜಗಲಿಯ ಮೇಲೆ ಕೂತುಬಿಟ್ಟರು. ಅವರು 'ಮುಚ್ಚೋ ಬಾಯಿ' ಅಂದಿದ್ದರೂ ಆಗುತ್ತಿತ್ತು.

ನಾನು ಎಲ್ಲರಿಗೂ ವಿವರಿಸಿದೆ: ಯಾರೂ ಸತ್ತಿಲ್ಲ, ಆದ್ದರಿಂದ ಇದು ಸಾವಿನ ಗಡಿಗೆಯಲ್ಲ, ಆದ್ದರಿಂದ ಇದರಲ್ಲಿ ಅಡುಗೆ ಮಾಡಬಹುದು. ಮೂರೂ ವಾಕ್ಯ ಇಂದಿಗೂ ಸರಿಯೇ. ಅಮ್ಮ ಎಲ್ಲವನ್ನೂ ಕೇಳಿ, "ನನ್ನ ಹೆಸರಲ್ಲಿ ಬಂದ ಗಡಿಗೇಲಿ ನಾನೇ ಸಾರು ಮಾಡ್ಲೇನೋ?" ಎಂದರು. ಮಡಕೆ ಹಿತ್ತಲಲ್ಲೇ ಉಳಿಯಿತು, ಸೀಬೆ ಗಿಡದ ಕೆಳಗೆ.

ಸಂಜೆ ಆತನ ಬಳಿಗೆ ಹೋದೆ. ತಿಗರಿಯ ಮೇಲಿನ ಮಣ್ಣು ಒಣಗಿ ಬಾಯಿಬಿಟ್ಟಿತ್ತು. ಕೈ ತೊಳೆದುಕೊಂಡು ಸುಮ್ಮನೆ ಕೂತಿದ್ದ. ತೊಳೆದ ಕೈ ಬೇರೆ ಯಾರದೋ ಇದ್ದ ಹಾಗಿತ್ತು.

"ಅದನ್ನ ವಾಪಸ್ ತಗೋ ಯಜಮಾನ. ಬೇರೆ ಕೊಡು, ತಟ್ಟಿ ಒಯ್ತೀನಿ."

"ಆಗಾಕಿಲ್ಲ."

ನನಗೆ ಆಶ್ಚರ್ಯವಾಯಿತು. "ಯಾಕಾಗಲ್ಲ? ಸತ್ತವರ್ಯಾರು ತೋರಿಸು."

"ಯಾರೂ ಸತ್ತಿಲ್ಲ. ಸತ್ಯವೇ. ಆದ್ರೂ ತಟ್ಟದೆ ಆಚೀಕೆ ಹೋದದ್ದು ಈ ಅಂಗಳಕ್ಕೆ ತಿರ್ಗಿ ಬರಾಂಗಿಲ್ಲ."

"ಇದು ಮೂಢನಂಬಿಕೆ."

"ಆಗ್ಲಿ." ಸ್ವಲ್ಪ ಹೊತ್ತು ಬೀದಿಯ ಆ ತುದಿ ನೋಡಿದ. "ಅಮ್ಮೋರ ಮಡಕೆ ಒಡ್ದೋಗೈತೆ ಅಂತ ನಿಮ್ ಮನೆ ನೀರಿನೋಳು ಬೆಳಿಗ್ಗೇನೇ ಏಳಿದ್ಳು. ನೀವು ಬರೋದ್ ಕಂಡೆ. ಒಲೆಗೆ ಬಂದ್ರು ಅಂತ ಖುಸಿ ಪಟ್ಟೆ. ನೀವು ತಟ್ಲಿಲ್ಲ. ಅಮ್ಮೋರು ಹೋಗ್ಬುಟ್ರು ಅಂದ್ಕೊಂಡೆ." ತೊಳೆದ ಕೈ ತಿರುಗಿಸಿ ನೋಡಿಕೊಂಡ. "ನನ್ ಮಡಕೆ ತಟ್ಟೋರೇ ಒಸಿ ಜನ. ಅದ್ರಲ್ಲೂ ನೀವು..."

ವಾಕ್ಯ ಮುಗಿಸಲಿಲ್ಲ. 'ನೀವೇ ಗೆದ್ರಿ' ಎನ್ನುತ್ತಾನೆಂದು ಕಾದೆ. ಅದೂ ಬರಲಿಲ್ಲ.

ಮುಂದಿನ ಸಂತೆಯಲ್ಲಿ ಅಮ್ಮ ಸಾಹೇಬರ ಗಾಡಿಯಿಂದ ಅಲ್ಯೂಮಿನಿಯಂ ಪಾತ್ರೆ ತಂದರು. 'ನನ್ನ ಮಗ ಇನ್ನು ಮಡಕೆ ತರೋಕೆ ಹೋಗೋದು ಬೇಡ' ಎಂದರು. ಆ ಪಾತ್ರೆಯಲ್ಲಿ ಸಾರು ಬೇಗ ಕುದಿಯುತ್ತದೆ. ರುಚಿಯ ಬಗ್ಗೆ ಮನೆಯಲ್ಲಿ ಯಾರೂ 'ಚೆನ್ನಾಗಿದೆ' ಎನ್ನಲಿಲ್ಲ, 'ಚೆನ್ನಾಗಿಲ್ಲ' ಎಂದೂ ಎನ್ನಲಿಲ್ಲ.

ಯುಗಾದಿಯ ಹೊತ್ತಿಗೆ ತಿಗರಿ ಗೋಡೆಗೆ ಒರಗಿತ್ತು. ರಾಶಿ ಕರಗುತ್ತಾ ಬಂತು. ನಾನು ಚಪ್ಪಡಿಯ ಮೇಲೆ ಕೂರುವುದನ್ನು ಬಿಟ್ಟಿರಲಿಲ್ಲ. ಆದರೆ ವಾದಿಸಲು ನನಗೂ ಹುರುಪಿರಲಿಲ್ಲ. ಇಬ್ಬರೂ ಬೀದಿ ನೋಡುತ್ತಾ ಕೂರುತ್ತಿದ್ದೆವು. ಒಮ್ಮೆ ಆತನೇ, "ಏನೂ ಕೇಳ್ತಾ ಇಲ್ವಲ್ಲ ಮೇಷ್ಟ್ರೇ?" ಎಂದ. "ಕೇಳಿದ್ರೆ ಸೋತುಬಿಡ್ತೀಯಲ್ಲ" ಅಂದೆ. "ಊಂ, ಸೋಲ್ತೀನಿ" ಎಂದ.

ಮುಂಗಾರು ಹಿಡಿಯುವ ಮೊದಲು ಒಂದು ಸಂತೆಯ ದಿನ, ಸಾಹೇಬರು ಗಾಡಿಯನ್ನು ಶಾಲೆಯ ಮುಂದೆ ನಿಲ್ಲಿಸಿ ಕಿಟಕಿಯಿಂದ ಕರೆದರು. "ಮೇಷ್ಟ್ರೇ, ಯಜಮಾನ್ ಹೋಗ್ಬಿಟ್ರು. ಕೂತಲ್ಲೇ." ಪಾತ್ರೆಗಳ ಮೇಲೆ ಚಾದರ ಎಳೆದು ಮುಚ್ಚಿದ್ದರು.

ಅಂಗಳದಲ್ಲಿ ಆತನನ್ನು ಮಲಗಿಸಿದ್ದರು. ರಾಶಿ ಇದ್ದ ಜಾಗದಲ್ಲಿ ಉಳಿದಿದ್ದದ್ದು ಎರಡೇ ಮಡಕೆ. ಹೊರಡುವ ಹೊತ್ತಾಯಿತು. ಮಗ ಅತ್ತು ಅತ್ತು ನಿತ್ರಾಣನಾಗಿದ್ದ, ಎದ್ದು ಹೋಗಿ ಗಡಿಗೆ ಎತ್ತಿಕೊಳ್ಳಲಾರದೆ ಕೂತಿದ್ದ. ಮುದುಕಿಯೇ ಎದ್ದಳು. ಒಂದನ್ನು ಅಂಗೈ ಮೇಲೆ ಎತ್ತಿದಳು. ಗೆಣ್ಣಿನಿಂದ ತಟ್ಟಿದಳು.

ಡೊಬ್ ಎಂದಿತು.

"ಇದು ಬ್ಯಾಡ. ಸೀಳೈತೆ" ಎಂದು ಪಕ್ಕಕ್ಕಿಟ್ಟು, ಯಾರಾದರೂ ತಡೆಯುವ ಮೊದಲೇ ಇನ್ನೊಂದನ್ನು ಎತ್ತಿ ತಟ್ಟಿದಳು. ಠಣ್ ಎಂಬ ಸದ್ದು ಅಷ್ಟು ಜನರ ನಡುವೆ ಎದ್ದು ಕೇಳಿಸಿತು.

ಬೀದಿಯ ಹಿರಿಯನೊಬ್ಬ ಕೋಲು ಕುಟ್ಟಿದ. "ಏನಮ್ಮೀ ಇದು! ಹೆಣದ ಗಡಿಗೆ ತಟ್ಟಾದುಂಟಾ?"

"ನನ್ ಕೈಯಿಂದ ತಟ್ಟದೆ ಮಡಕೆ ಯಾರ್ಗೂ ಹೋಗಿಲ್ಲ. ಇವ್ನಿಗೆ ಎಂಗ್ಲಾ ಕೊಡ್ಲಿ?"

"ತಟ್ಟಿದ್ ಮ್ಯಾಲೆ ಅದು ಒಲೆ ಮಡಕೆ ಆಯ್ತು. ಗುಂಡಿಗೆ ಬರಾಕಿಲ್ಲ."

ಬರುತ್ತದೆ, ಬರುವುದಿಲ್ಲ ಎಂದು ಜನ ಎರಡಾದರು. ಬೇರೆ ಗಡಿಗೆಗೆ ಕೊರಟಗೆರೆಗೆ ಯಾರನ್ನಾದರೂ ಓಡಿಸಿ ಎಂದ ಒಬ್ಬ. ಅಷ್ಟರಲ್ಲಿ ಹೊತ್ತು ಮುಳುಗುತ್ತದೆ ಎಂದ ಇನ್ನೊಬ್ಬ. ಕೊನೆಗೆ ಹಿರಿಯ ನನ್ನ ಕಡೆ ತಿರುಗಿದ. "ಓದಿರೋರು ನೀವು. ಏಳಿ ಮೇಷ್ಟ್ರೇ, ಯಾವ್ದು ಸರಿ?"

ಎರಡೂ ಪಕ್ಷದ ಪರವಾಗಿ ನಾನು ಅಲ್ಲೇ ನಿಂತು ಮಾತಾಡಬಲ್ಲವನಾಗಿದ್ದೆ. ಆಗಲಿಲ್ಲ. "ಇಬ್ಬರೂ ಗೆದ್ದಿರಿ, ಬಿಡಿ" ಎಂದೆ. "ತಟ್ಟದೇ ಇರೋದು ಒಂದು ನಮ್ಮ ಹಿತ್ತಲಲ್ಲಿದೆ."

ಹೋಗಿ ತಂದೆ. ಬುಡದಲ್ಲಿ ಪಾಚಿ ಕಟ್ಟಿತ್ತು, ಒಳಗೆ ಸೀಬೆ ಎಲೆ ಕೊಳೆತಿದ್ದವು. ಅಮ್ಮ ತಾವೇ ತೊಳೆದುಕೊಟ್ಟರು. ತೊಳೆಯುವಾಗಲೂ ಗೆಣ್ಣು ತಾಗದಂತೆ ನೋಡಿಕೊಂಡರು. ಅಂಗಳದೊಳಗೆ ತರದೆ ಬೀದಿಯಲ್ಲೇ ಕೊಟ್ಟೆ; ಅದನ್ನೇ ಮಗ ಹೊತ್ತ, ಅದನ್ನೇ ಒಡೆದ. ಇದರಲ್ಲಿ ವಿಧಿ ಗಿಧಿ ಏನೂ ಇಲ್ಲ. ಹತ್ತಿರದಲ್ಲಿ ಬೇರೆ ಮಡಕೆ ಇರಲಿಲ್ಲ, ಅಷ್ಟೇ.

ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಆ ಮನೆಯ ಮುಂದೆ ನಿಂತೆ. ಸೂತಕದ ಮನೆಯ ಮಡಕೆಗಳನ್ನೆಲ್ಲ ಆಚೆ ಎಸೆಯಬೇಕಲ್ಲ. ಸೊಟ್ಟ ಬಾಯಿಯವು, ಸೀಳಿದವು ಹೊಂಗೆ ಮರದ ಆಚೆ ಚೂರಾಗಿ ಬಿದ್ದಿದ್ದವು. ಬಾಗಿಲು ತೆರೆದಿತ್ತು. ಮುದುಕಿ ಒಲೆಯ ಮುಂದೆ ಕೂತಿದ್ದಳು.

"ವಾದಕ್ಕೆ ಬಂದ್ರಾ ಮೇಷ್ಟ್ರೇ? ಸೋಲೋನು ಇಲ್ವಲ್ಲ ಈಗ. ನಾನು ಸೋಲಾಕಿಲ್ಲ."

ಒಲೆಯ ಮೇಲೆ ಆವತ್ತು ಠಣ್ ಎಂದ ಮಡಕೆ. ಗುಂಡಗೆ, ನೆಟ್ಟಗೆ, ಇನ್ನೂ ಮಸಿ ಹಿಡಿಯದ ಕೆಂಪು. ಎಸರು ಕುದಿಯುತ್ತಿತ್ತು, ಹೊರಮೈಯಲ್ಲಿ ಒಂದು ಹನಿ ಇಲ್ಲ. ಪಕ್ಕದಲ್ಲಿ ಒಂದು ಬಟ್ಟಲು, ಅದರಲ್ಲಿ ನೀರಿನಲ್ಲಿ ಕಲಸಿದ ಚೂರು ರಾಗಿ ಹಿಟ್ಟು. ಎದ್ದ ಕೂಡಲೇ ಕೈ ಅದನ್ನು ಕಲಸಿಬಿಟ್ಟಿರಬೇಕು. ಆಕೆ ಬೆರಳ ತುದಿಗೆ ಹಿಟ್ಟು ಹಚ್ಚಿಕೊಂಡು ಮಡಕೆಯನ್ನು ಸುತ್ತಲೂ ನೋಡಿದಳು, ಬಗ್ಗಿ ಅಡಿ ನೋಡಿದಳು. ಮೆತ್ತಲು ಎಲ್ಲೂ ಜಾಗ ಸಿಗಲಿಲ್ಲ. ಬೆರಳನ್ನು ಹಾಗೇ ಹಿಡಿದುಕೊಂಡು ಕೂತಳು; ಒಲೆಯ ಬಿಸಿಗೆ ಹಿಟ್ಟು ಅಲ್ಲೇ ಒಣಗಿತು.